ಅಥಣಿ ಹಲಗೆಯ ಮೇಲೆ ನಿಂತ ರೈಲು

ಕಳೆದ ತಿಂಗಳು ಮನೆಯ ನೀರಿನ ಪಂಪು ಸುಟ್ಟುಹೋಯಿತು. ಬೆಳಗಾವಿಯಲ್ಲಿ ನಮ್ಮ ಓಣಿಯ ಕೊನೆಗಿರುವ ರಿಪೇರಿ ಅಂಗಡಿಗೆ ಅದನ್ನು ಹೊತ್ತುಕೊಂಡು ಹೋದೆ. ಒಳಗೆ ಕಾಲಿಡುತ್ತಲೇ ವಾರ್ನಿಶ್ ವಾಸನೆ ಮೂಗಿಗೆ ಬಡಿಯಿತು. ಹೊಸದಾಗಿ ತಾಮ್ರದ ತಂತಿ ಸುತ್ತಿದ ಮೋಟರನ್ನು ವಾರ್ನಿಶ್‌ನಲ್ಲಿ ಅದ್ದಿ, ತಗಡಿನ ಪೆಟ್ಟಿಗೆಯೊಳಗೆ ದೊಡ್ಡ ಬಲ್ಬಿನ ಕಾವಿಗೆ ಒಣಗಲು ಇಟ್ಟಾಗ ಬರುತ್ತದಲ್ಲ, ಆ ವಾಸನೆ. ಗಂಟಲಲ್ಲಿ ಹೋಗಿ ಕೂತುಬಿಡುತ್ತದೆ. ಅಂಗಡಿಯವರು ಏನು ಕೇಳಿದರೋ, ನಾನು ಏನು ಹೇಳಿದೆನೋ... ನನಗೆ ಚಿಕ್ಕೋಡಿಯ ಕಾಕು ನೆನಪಾಗಿದ್ದರು.

ಕಾಕು ನನಗೆ ರಕ್ತಸಂಬಂಧಿಯಲ್ಲ. ಊರಿಗೆಲ್ಲ ಅವರು ಕಾಕು, ಅಂದರೆ ಚಿಕ್ಕಮ್ಮ. ಬಸ್‌ಸ್ಟ್ಯಾಂಡಿನ ಹಿಂದೆ ಅವರ ಯಜಮಾನರದು ಮೋಟರ್ ರಿವೈಂಡಿಂಗ್ ಅಂಗಡಿ ಇತ್ತು. ಸುತ್ತಲಿನ ಕಬ್ಬಿನ ಹೊಲಗಳಿಂದ ಸುಟ್ಟ ಪಂಪ್‌ಸೆಟ್ ಮೋಟರುಗಳು ಅಲ್ಲಿಗೆ ಟ್ರ್ಯಾಕ್ಟರಿನಲ್ಲಿ ಬರುತ್ತಿದ್ದವು. ಯಜಮಾನರು ಮುಂದೆ ಕೂತು ಗಿರಾಕಿಗಳ ಜೊತೆ ಮಾತಾಡುವುದು, ಕಾಕು ಒಳಗೆ ಕೂತು ತಂತಿ ಸುತ್ತುವುದು, ಹೀಗೆ ಹದಿನೈದು ವರ್ಷ ನಡೆದಿತ್ತಂತೆ. ಒಂದು ಮಳೆಗಾಲ ಯಜಮಾನರು ತೀರಿಕೊಂಡರು. ಅಷ್ಟು ದಿನ ಆ ಮೋಟರುಗಳನ್ನು ಸುತ್ತಿದ್ದು ಯಾವ ಕೈ ಎಂದು ಗೊತ್ತಿದ್ದೂ ರೈತರು ಮೋಟರ್ ಸುತ್ತಿಸಲು ಮೀರಜಿನ ದಾರಿ ಹಿಡಿದರು. ಹೆಣ್ಣುಮಗಳು ಸುತ್ತಿದ ಮೋಟರ್ ಒಂದು ಹಂಗಾಮು ಬಾಳುವುದಿಲ್ಲ ಎಂಬ ಮಾತು ಚಹಾದಂಗಡಿಗಳಲ್ಲಿ ಓಡಾಡತೊಡಗಿತು. ಅಥಣಿಯಲ್ಲಿದ್ದ ಅವರ ಅಣ್ಣ ಬಂದು, ದೀಪಾವಳಿಗೆ ಅಂಗಡಿ ಖಾಲಿ ಮಾಡಿಸಿ ತಂಗಿಯನ್ನು ಕರೆದುಕೊಂಡು ಹೋಗುವುದಾಗಿ ಹೇಳಿ ಹೋದರು. ಕಾಕು ಮರುದಿನ ಎಂದಿನಂತೆ ಅಂಗಡಿಯ ಬಾಗಿಲು ತೆರೆದರು.

ಆಗ ನಾನು ಅಲ್ಲಿಯ ಕಾಲೇಜಿನ ಭೌತಶಾಸ್ತ್ರ ಲ್ಯಾಬಿನಲ್ಲಿ ಅಸಿಸ್ಟಂಟ್. ಎಂಬತ್ತರ ದಶಕದ ಕೊನೆಯ ಮಾತು. ಇಪ್ಪತ್ತೇಳು ವರ್ಷ, ಬಾಯಿ ಜೋರು, ಸಿಟ್ಟು ಮೂಗಿನ ತುದಿಯಲ್ಲಿ. ಜೊತೆಗೆ ನಾನು ಒಂದು ಮಂಡಳದ ಕಾರ್ಯದರ್ಶಿ ಬೇರೆ.

ಆ ಮಂಡಳದ ಕತೆ ಹೇಳಬೇಕು. ನಮ್ಮ ಕಡೆಯ ಐದು ಊರುಗಳಲ್ಲಿ ರಾಯಬಾಗಕ್ಕೆ ರೈಲಿದೆ, ಕಾಗವಾಡದವರಿಗೆ ಮಗ್ಗುಲಲ್ಲೇ ಸಿಗುತ್ತದೆ. ನಿಪ್ಪಾಣಿಗಿಲ್ಲ, ಅಥಣಿಗಿಲ್ಲ. ಚಿಕ್ಕೋಡಿಯದು ಎಲ್ಲಕ್ಕಿಂತ ಚಂದ: ಚಿಕ್ಕೋಡಿ ರೋಡ್ ಎಂಬ ಹೆಸರಿನ ಸ್ಟೇಷನ್ ಇದೆ, ಆದರೆ ಅಲ್ಲಿ ಇಳಿದವನು ಚಿಕ್ಕೋಡಿ ಮುಟ್ಟಲು ಮತ್ತೆ ಬಸ್ಸು ಹಿಡಿಯಬೇಕು. ಇದನ್ನೇ ಆಡಿಕೊಂಡು ನಗುತ್ತ ನಾವು ಐದೂರಿನ ಐದು ಜನ ಒಂದು ನಿರ್ಧಾರಕ್ಕೆ ಬಂದೆವು. ಸರ್ಕಾರ ತರದ ರೈಲನ್ನು ನಾವೇ ತರೋಣ. ನಿಜವಾದದ್ದಲ್ಲ, ಮಾದರಿ. ಕಾಗವಾಡದ ದ್ರಾಕ್ಷಿ ತೋಟದ ಸಾವುಕಾರರು ಮುಂಬಯಿಯಿಂದ ತಂದಿಟ್ಟಿದ್ದ ವಿದೇಶಿ ಆಟಿಕೆ ರೈಲೊಂದಿತ್ತು. ಗೇಣುದ್ದದ ಇಂಜಿನ್ನು, ನಾಲ್ಕು ಡಬ್ಬಿ. ಅದು ಓಡಲು ಒಂದೊಂದು ಊರಿನವರು ಆರಡಿ ಉದ್ದದ ಒಂದೊಂದು ಹಲಗೆ ಮಾಡುವುದು, ಅದರ ಮೇಲೆ ತಮ್ಮ ಊರು ಕಟ್ಟುವುದು, ಆಮೇಲೆ ಐದನ್ನೂ ಸಾಲಾಗಿ ಜೋಡಿಸಿ ನಿಪ್ಪಾಣಿಯಿಂದ ಕಾಗವಾಡಕ್ಕೆ ರೈಲು ಬಿಡುವುದು. ದಸರೆ ಮುಗಿದ ಮರುದಿನದಿಂದ ಚಿಕ್ಕೋಡಿಯಲ್ಲಿ ಎರಡು ದಿನದ ಕೃಷಿ-ವಿಜ್ಞಾನ ಪ್ರದರ್ಶನ ನಡೆಯುವುದಿತ್ತು. ಅಲ್ಲಿ ನಮಗೆ ಜಾಗ ಸಿಕ್ಕಿತು.

ಹಲಗೆಗಳೇನೋ ಆದವು. ನಿಪ್ಪಾಣಿಯವರು ತಂಬಾಕು ತುಂಬಿಡುವ ವಖಾರ ಕಟ್ಟಿದರು. ರಾಯಬಾಗದವರು ಕಸಬರಿಗೆ ಕಡ್ಡಿಗಳಿಂದ ಕಬ್ಬು ಬೆಳೆದರು. ಸಾವುಕಾರರು ಬೆಂಕಿಕಡ್ಡಿಗಳಿಂದ ದ್ರಾಕ್ಷಿ ಚಪ್ಪರ ಹಾಕಿದರು. ಅಥಣಿ ಹಲಗೆಯನ್ನು ಅಲ್ಲಿಯ ಶಾಲೆಯ ಕರಕುಶಲ ಮಾಸ್ತರರು ಮಾಡಿದ್ದರು. ಉಳಿದವರ ಊರುಗಳು ಊರಿನ ಹಾಗೆ ಕಾಣುತ್ತಿದ್ದವು, ಅವರದು ಊರೇ ಆಗಿತ್ತು. ಆದರೆ ವೈರಿಂಗಿನಲ್ಲಿ ನಾವು ಮುಗ್ಗರಿಸಿದೆವು. ಐದು ಜನ ಐದು ನಮೂನೆ ತಂತಿ ಹಾಕಿದ್ದೆವು. ಇಬ್ಬರಂತೂ ಮುಂದಿನ ಹಳಿಯ ತಂತಿಯನ್ನು ಹಿಂದಿನದಕ್ಕೆ ಕೊಟ್ಟಿದ್ದರು. ಎರಡು ಹಲಗೆ ಜೋಡಿಸಿದರೆ ಸ್ವಿಚ್ಚಿನ ಪೆಟ್ಟಿಗೆಯೊಳಗಿಂದ ಹೊಗೆ ಬರುತ್ತಿತ್ತು. ಅದರೊಳಗೆ ಸುಟ್ಟುಹೋಗಿದ್ದ ಟ್ರಾನ್ಸ್‌ಫಾರ್ಮರನ್ನು ಹಿಡಿದುಕೊಂಡು ನಾನು ಕಾಕು ಅಂಗಡಿಗೆ ಹೋದೆ.

ಅವರು ಎಣಿಸುತ್ತಿದ್ದರು. ಸುರುಳಿ ಸುತ್ತುವಾಗ ಅವರು ಮಾತಾಡುತ್ತಿರಲಿಲ್ಲ, ಯಾರೂ ಮಾತಾಡುವಂತೆಯೂ ಇರಲಿಲ್ಲ. ನೂರು ಸುತ್ತಿಗೊಂದು ಹುಣಸೆಬೀಜ ಪಕ್ಕಕ್ಕೆ ಸರಿಸುವರು. ಎಂಥ ಗೌಡ ಬಂದರೂ ಆ ಸುರುಳಿ ಮುಗಿಯುವ ತನಕ ಸ್ಟೂಲಿನ ಮೇಲೆ ತೆಪ್ಪಗೆ ಕೂತಿರಬೇಕು. ಮಾತಿಗೆ ಮುಂದಾದ ನನ್ನಂಥವನಿಗೆ ಅದು ಶಿಕ್ಷೆಯೇ. ಎಣಿಕೆ ಮುಗಿಸಿ, ನನ್ನ ಕತೆ ಕೇಳಿ, ಮಾರನೇ ದಿನ ಕಾಲೇಜಿಗೆ ಬಂದು ಹಲಗೆಯ ಕೆಳಗೆ ತಲೆ ಹಾಕಿ ನೋಡಿದರು. ನೋಡಿ ನಕ್ಕುಬಿಟ್ಟರು.

"ಸರ್ರ, ಹಳಿ ಜೋಡ್ಸೋದು ಬ್ಯಾರೆ, ಕರೆಂಟ್ ಮುಟ್ಟಿಸೋದು ಬ್ಯಾರೆ. ಎಲ್ಲಾ ಕಿತ್ತ ಹಾಕ್ರಿ. ನಾ ಮಾಡ್ತೀನಿ."

ನಾವು ಎಷ್ಟು ಕೊಡಬೇಕೆಂದು ಕೇಳಿದ್ದಕ್ಕೆ ಅವರಿಗೆ ಸಿಟ್ಟೇ ಬಂತು. ತಮಗೆ ರೊಕ್ಕ ಬೇಡ, ಹಲಗೆಗಳ ಮುಂದೆ ಒಂದು ಬೋರ್ಡು ಬೇಕು ಎಂದರು. ವೈರಿಂಗ್ ಯಾರದೆಂದು ಅಂಗಡಿ ಹೆಸರಿನ ಸಮೇತ ದೊಡ್ಡ ಅಕ್ಷರದಲ್ಲಿ ಬರೆಸಬೇಕು. ಪ್ರದರ್ಶನಕ್ಕೆ ಬರುವವರೆಲ್ಲ ಬಾವಿಯ ಮೇಲೆ ಮೋಟರ್ ಇಟ್ಟವರು, ಅವರು ಓದಬೇಕು.

"ರೈಲ ಓಡಿದ್ರ ಅಂಗಡಿ ನಡಸ್ತೀನಿ. ನಿಂತ್ರ ದೀಪಾವಳಿಗೆ ಅಣ್ಣನ ಜೋಡಿ ಗಂಟು ಕಟ್ಟತೀನಿ. ಅಷ್ಟ ನೋಡ್ರಿ."

ಸಾವುಕಾರರು ಮೂಗು ಮುರಿದರು. ನನಗೂ ಒಳಗೊಳಗೆ ಅಳುಕಿತ್ತು, ಆದರೆ ಬೇರೆ ದಾರಿ ಇರಲಿಲ್ಲ.

ಮುಂದಿನ ಒಂದು ತಿಂಗಳು ಆ ಹೆಂಗಸು ಕೆಲಸ ಮಾಡಿದ ಪರಿಯನ್ನು ನಾನು ಸಾಯುವ ತನಕ ಮರೆಯುವುದಿಲ್ಲ. ಪ್ರತಿ ಹಲಗೆಯ ಅಡಿಯಲ್ಲಿ ಈ ತುದಿಯಿಂದ ಆ ತುದಿಗೆ ಎರಡು ದಪ್ಪ ತಂತಿ ಎಳೆದರು. ಮುಂದಿನ ಹಳಿಗೆ ಕೆಂಪು, ಹಿಂದಿನದಕ್ಕೆ ಕಪ್ಪು. ಮೇಲಿನ ಒಂದೊಂದು ಹಳಿ ತುಂಡಿನಿಂದಲೂ ಸಣ್ಣ ತಂತಿ ಕೆಳಗಿಳಿಸಿ ಈ ದಪ್ಪ ತಂತಿಗೆ ಬೆಸುಗೆ ಹಾಕಿದರು. ಹಳಿಗಳ ಜೋಡಣೆ ಸಡಿಲಾದರೂ ಕರೆಂಟ್ ತಪ್ಪಬಾರದು ಎಂಬುದು ಅವರ ಹಟ. ಒಂದು ಬೆಸುಗೆ ಮಂಕಾಗಿ ಕಂಡರೆ ಸಾಕು, ಕಿತ್ತು ಮತ್ತೆ ಹಾಕುವರು. ಬಣ್ಣ ಬಳಿಯಲು ಊರಿಗೆ ಒಯ್ದಿದ್ದ ಅಥಣಿಯ ಹಲಗೆಯನ್ನು ಮಾಸ್ತರರು ಬಸ್ಸಿನ ಟಾಪಿನ ಮೇಲೆ ಕಟ್ಟಿಕೊಂಡು ವಾಪಸು ತಂದರು; ಬಂದಾಗ ಒಂದು ಕಾಲು ಮುರಿದಿತ್ತು, ಎರಡು ಬೆಸುಗೆ ಬಿಟ್ಟಿದ್ದವು. ಕಾಕು ಮಾಸ್ತರರನ್ನು ಬೈಯಲಿಲ್ಲ. ಅಷ್ಟೂ ಹಲಗೆಗಳ ಬೆಸುಗೆಗಳನ್ನು ಕಿತ್ತು, ಬಸ್ಸಿನ ಕುಲುಕಾಟ ತಡೆಯುವ ಹಾಗೆ ಮೊದಲಿನಿಂದ ಹಾಕಿದರು. ಒಮ್ಮೆ ಕಾಯಿಸಿದ ಕಡ್ಡಿ ತಗುಲಿ ಅಂಗೈ ಸುಟ್ಟಿತು. ಅರಿವೆ ಸುತ್ತಿಕೊಂಡು ಎಡಗೈಯಲ್ಲಿ ಮುಂದುವರಿಸಿದರು. ಹಬ್ಬದ ಹಿಂದಿನ ದಿನ ಐದೂ ಹಲಗೆ ಜೋಡಿಸಿ ಓಡಿಸಿದೆವು. ರೈಲು ನಿಪ್ಪಾಣಿ ಬಿಟ್ಟು ಕಾಗವಾಡ ಮುಟ್ಟಿತು. ಮಾಸ್ತರರ ಕಣ್ಣಲ್ಲಿ ನೀರು ಬಂತು. ಅವರ ಊರಿಗೆ ಮೊದಲ ಸಲ ರೈಲು ಬಂದಿತ್ತು.

ಮರುದಿನ ಖಂಡೇಪೂಜೆ. ನಮ್ಮ ಕಡೆ ಆ ದಿನ ನೇಗಿಲಿನಿಂದ ಹಿಡಿದು ಟ್ರ್ಯಾಕ್ಟರಿನ ತನಕ ದುಡಿಯುವ ಸಾಮಾನೆಲ್ಲ ಪೂಜೆಗೆ ಕೂರುತ್ತದೆ. ಪೂಜೆಯಾದದ್ದನ್ನು ದಶಮಿ ಮುಗಿಯುವ ತನಕ ಮುಟ್ಟುವುದಿಲ್ಲ. ರೈಲನ್ನು ಮಾತ್ರ ಬಿಡಲಾದೀತೇ? ಕಾರ್ಯದರ್ಶಿ ನಾನು, ಪೂಜೆಗೆ ನಾನೇ ಕೂತೆ. ಮಾಸ್ತರರು ಕೊಕಟನೂರ ಯಲ್ಲಮ್ಮನ ಭಂಡಾರ ತಂದಿದ್ದರು, ಗುಡಿಯ ಅರಿಷಿಣದ ಪುಡಿ. ತಾಯಿ ಅಥಣಿ ಕಡೆಯವಳಲ್ಲವೇ ಎಂದು ಅವರ ಹಲಗೆಯ ಹಳಿಗಳಿಗೆ ಅದನ್ನು ಕೈ ತುಂಬ ಎರಚಿದೆ. ಅದರ ಮುಂದೆಯೇ ತೆಂಗಿನಕಾಯಿ ಒಡೆದೆ. ನೀರು ಹಳಿಗಳ ಮೇಲೆ ಸಿಡಿಯಿತು. ಶುಭ ಎಂದು ಎಲ್ಲರೂ ಕೈ ಮುಗಿದೆವು, ಹಲಗೆಗಳ ಮೇಲೆ ಧೋತರ ಹೊದಿಸಿ ಮನೆಗೆ ಹೋದೆವು.

ಆ ಪೂಜೆಗೆ ಕಾಕು ಇರಲಿಲ್ಲ. ನಾವು ಕರೆದಿರಲಿಲ್ಲ. ಗಂಡ ಸತ್ತವರನ್ನು ಪೂಜೆಗೆ ಯಾಕೆ ಎಂದು ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಯಾಕೆ ಕರೆದಿಲ್ಲ ಎಂದು ಯಾರೂ ಕೇಳಲೂ ಇಲ್ಲ. ಬಂದಿದ್ದರೆ ನನ್ನ ಮುಷ್ಟಿಯನ್ನು ಅಲ್ಲೇ ಹಿಡಿಯುತ್ತಿದ್ದರು. ಕರೆಂಟು ಗಾಲಿಗೆ ಏರುವುದು ಹಳಿಯ ನೆತ್ತಿಯಿಂದ ಎಂಬುದು ಲ್ಯಾಬಿನವನಾದ ನನಗೂ ಗೊತ್ತಿತ್ತು. ಆದರೆ ಪೂಜೆಯ ಹೊತ್ತಿನಲ್ಲಿ ಅದೆಲ್ಲ ಯಾರಿಗೆ ನೆನಪಿರುತ್ತದೆ?

ಪ್ರದರ್ಶನದ ಬೆಳಿಗ್ಗೆ ಹಲಗೆಗಳನ್ನು ಪೆಂಡಾಲಿಗೆ ಸಾಗಿಸಿ ಜೋಡಿಸುವಷ್ಟರಲ್ಲಿ ಉದ್ಘಾಟನೆಗೆ ಬರುವ ಅತಿಥಿಗಳು ಹೇಳಿದ ಹೊತ್ತಿಗಿಂತ ಮೊದಲೇ ಬಂದುಬಿಟ್ಟರು. ಕಾಕು ಹಲಗೆಗಳ ಕೆಳಗೆ ತೂರಿ ಟೆಸ್ಟ್ ಬಲ್ಬ್ ಹಚ್ಚಿ ನೋಡಿದರು. ಎಲ್ಲ ಜೋಡಣೆಗೂ ಬಲ್ಬು ಹೊತ್ತಿತು. ಒಮ್ಮೆ ಓಡಿಸಿ ನೋಡೋಣ ಎಂದರು. ಅತಿಥಿಗಳನ್ನು ಕಾಯಿಸುವುದು ಬೇಡ, ಹಬ್ಬಕ್ಕೆ ಮೊದಲೇ ಓಡಿದೆಯಲ್ಲ ಎಂದು ನಾನು ಅವಸರ ಮಾಡಿದೆ. ಮುಂದೆ ಬೋರ್ಡು ನಿಂತಿತ್ತು. ಅದರ ಸುತ್ತ ತಲೆಗೆ ಪಟಗಾ ಸುತ್ತಿದ ರೈತರ ಗುಂಪು. ರಾಯಬಾಗದ ಕಡೆಯ ಒಬ್ಬ ದೊಡ್ಡ ಗೌಡರು, ಕಾಕು ಯಜಮಾನರ ಕಾಲದ ಗಿರಾಕಿ, ಈಗ ಮೀರಜಿಗೆ ಹೋಗುವವರು, ಎಲ್ಲರಿಗಿಂತ ಮುಂದೆ ನಿಂತಿದ್ದರು.

ರೈಲು ನಿಪ್ಪಾಣಿ ಬಿಟ್ಟಿತು. ಚಪ್ಪಾಳೆ. ಚಿಕ್ಕೋಡಿ ದಾಟಿತು, ರಾಯಬಾಗ ದಾಟಿತು. ಅಥಣಿಯ ಹಲಗೆಗೆ ಏರಿ ಎರಡು ಸಲ ಜಗ್ಗಾಡಿ... ನಿಂತುಬಿಟ್ಟಿತು.

ಬೆರಳಿನಿಂದ ತಳ್ಳಿದೆ. ಗೇಣುದ್ದ ಹೋಗಿ ಮತ್ತೆ ನಿಂತಿತು. "ಅಥಣಿಗೆ ಖರೇ ರೈಲೂ ಬರಂಗಿಲ್ಲ, ಸುಳ್ಳ ರೈಲೂ ಬರಂಗಿಲ್ಲ" ಎಂದು ಯಾರೋ ಕೂಗಿದರು. ಪೆಂಡಾಲು ನಕ್ಕಿತು. ಇನ್ನೊಬ್ಬರು ಬೋರ್ಡು ಓದಿ, ಹೆಣ್ಣುಮಗಳ ಕೈಗೆ ಕೊಟ್ಟರೆ ಇನ್ನೇನಾದೀತು ಎಂದರು. ಸಾವುಕಾರರು ನನ್ನ ಕಿವಿಯಲ್ಲಿ, "ಮೊದಲ ಆ ಬೋರ್ಡ್ ತಗೀರಿ, ಮಾನ ಹೋಗಾಕತ್ತೈತಿ" ಎಂದರು. ನಾನು ಬೋರ್ಡು ತೆಗೆದೆ. ತೆಗೆದು ಮುಖ ಒಳಗಾಗಿ ಪೆಂಡಾಲಿನ ಕಂಬಕ್ಕೆ ಆನಿಸಿಟ್ಟೆ. ಕಾಕು ನೋಡುತ್ತಿದ್ದರು.

ಅವರು ಹಲಗೆಯ ಕೆಳಗೆ ಹೋಗಿ ಬಂದರು. ತಂತಿಯಲ್ಲಿ ಕರೆಂಟಿತ್ತು. ಆಮೇಲೆ ಹಳಿಯ ಮೇಲೆ ಬೆರಳಾಡಿಸಿದರು, ಬೆರಳನ್ನು ಮುಖದ ಹತ್ತಿರ ತಂದುಕೊಂಡರು. ತೆಂಗಿನ ನೀರಿನಲ್ಲಿ ಕಲಸಿ ಒಣಗಿದ ಭಂಡಾರ ಹಳಿಯ ನೆತ್ತಿಗೆ ಬಣ್ಣ ಬಳಿದ ಹಾಗೆ ಅಂಟಿತ್ತು. ಅವರು ತಲೆ ಎತ್ತಿ ನನ್ನನ್ನು ನೋಡಿದರು. ಪೂಜೆಗೆ ಕೂತವನು ನಾನೇ ಎಂಬುದನ್ನು ಅವರು ಕೇಳಿದ್ದರು. ತಪ್ಪು ಯಾರದೆಂದು ಆ ಗಳಿಗೆಯಲ್ಲಿ ಇಬ್ಬರಿಗೂ ಗೊತ್ತಾಯಿತು.

ಅವರು ಹೇಳುವಂತಿರಲಿಲ್ಲ. ಗಂಡ ಸತ್ತ ಹೆಂಗಸು ಸಾವಿರ ಜನರ ಮುಂದೆ ನಿಂತು ಯಲ್ಲಮ್ಮನ ಭಂಡಾರದಿಂದ ರೈಲು ಕೆಟ್ಟಿತು ಎಂದರೆ ಅದರ ಕತೆಯೇ ಬೇರೆ ಆಗುತ್ತಿತ್ತು. ಹೇಳಬೇಕಾದವನು ನಾನು. ಒಂದೇ ವಾಕ್ಯ. ನಾನು ನಿಂತೇ ಇದ್ದೆ. ರೈಲು ಓಡಿದ ಮೇಲೆ ಹೇಳಿದರಾಯಿತು ಎಂದುಕೊಂಡೆ.

ಕಾಕು ಯಾರ ಮುಖವನ್ನೂ ನೋಡದೆ, ಸ್ಪಿರಿಟ್ಟಿನ ಬಾಟಲಿ ಮತ್ತು ಅರಿವೆ ತರಿಸಿಕೊಂಡು ಹಳಿ ತಿಕ್ಕಲು ಕೂತರು. ಅಥಣಿಯದಷ್ಟೇ ಅಲ್ಲ, ಐದೂ ಹಲಗೆಗಳದು, ಎರಡೂ ಹಳಿಗಳದು. ಸುಟ್ಟ ಅಂಗೈ ಇನ್ನೂ ಮಾಗಿರಲಿಲ್ಲ. ಅತಿಥಿಗಳು ಹೋದರು, ಜನ ಹಬ್ಬದ ಕುಸ್ತಿ ನೋಡಲು ಹೋದರು. ಮಧ್ಯಾಹ್ನ ರೈಲು ಒಂದು ಸಲವೂ ತಡವರಿಸದೆ ಕಾಗವಾಡ ಮುಟ್ಟಿದಾಗ ನೋಡಲು ಇಪ್ಪತ್ತು ಜನ ಇದ್ದರೋ ಇಲ್ಲವೋ. ಕಾಕು ಸೆರಗಿನಿಂದ ಮುಖ ಒರೆಸಿಕೊಂಡು ನನಗೆ ಹೇಳಿದ್ದು ಒಂದೇ ಮಾತು:

"ಆ ಬೋರ್ಡ್ ಹೊಳ್ಳಿ ಇಡ್ರಿ, ಸರ್ರ. ನಾಳೆ ಮುಂಜಾನಿಂದ ಸಂಜಿ ತನಕ ರೈಲ ನಿಂದರಬಾರದು."

ಮರುದಿನ ಅವರು ಸ್ವಿಚ್ಚಿನ ಪೆಟ್ಟಿಗೆಯ ಮುಂದೆ ಕೂತವರು ಏಳಲಿಲ್ಲ. ರೈಲು ಕಾಗವಾಡಕ್ಕೆ ಹೋಗುವುದು, ಹಿಮ್ಮುಖವಾಗಿ ನಿಪ್ಪಾಣಿಗೆ ಬರುವುದು. ಒಂದು ಸುತ್ತಿಗೆ ಒಂದು ಹುಣಸೆಬೀಜ. ಜನ ಬಂದರು, ಕೀಟಲೆ ಮಾಡಿದರು, ಅಥಣಿ ಹಲಗೆಯ ಮುಂದೆ ಗುಂಪುಗೂಡಿ ಈಗ ನಿಲ್ಲುತ್ತದೆ, ಈಗ ನಿಲ್ಲುತ್ತದೆ ಎಂದು ಕಾದರು. ನಿಲ್ಲಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಸಾವುಕಾರರಿಗೆ ಗಾಬರಿಯಾಯಿತು. ಇಂಜಿನ್ ಮುಟ್ಟಿ ನೋಡಿದರೆ ಬೆಚ್ಚಗಾಗಿತ್ತು.

"ಸಾಕ ಮಾಡ್ರಿ ಕಾಕು, ನನ್ನ ಇಂಜಿನ್ ಸುಟ್ಟೀತು."

"ಸುಡ್ಲಿ ಬಿಡ್ರಿ ಸಾವುಕಾರ್ರ. ಸುಟ್ರ ನಾ ಸುತ್ತಿ ಕೊಡ್ತೀನಿ."

ಸುತ್ತ ನಿಂತ ರೈತರೆಲ್ಲ ಗೊಳ್ಳೆಂದು ನಕ್ಕರು. ಆ ನಗೆ ಹಿಂದಿನ ದಿನದ್ದಲ್ಲ ಎಂದು ನನಗೆ ಚೆನ್ನಾಗಿ ಗೊತ್ತಾಯಿತು. ಹೊತ್ತು ಮುಳುಗುವಾಗ ಬೀಜಗಳ ರಾಶಿ ನೋಡಿ ಸಾವುಕಾರರೇ ಕೈ ಮುಗಿದರು. ರಾಯಬಾಗದ ಗೌಡರು ಮುಂದೆ ಬಂದು, ಮರುದಿನ ತಮ್ಮ ಬಾವಿಯ ಹತ್ತು ಎಚ್‌ಪಿ ಮೋಟರ್ ಕಳಿಸುವುದಾಗಿ ಹೇಳಿದರು. ಕಳಿಸಿದರು ಕೂಡ. ಅದರ ಹಿಂದೆ ಇನ್ನೊಂದು, ಮತ್ತೊಂದು. ದೀಪಾವಳಿಗೆ ಬಂದ ಅಣ್ಣ ಹಬ್ಬದ ತಿಂಡಿ ಫರಾಳ ತಿಂದು, ಕಾಕು ಸುರುಳಿ ಮುಗಿಸುವ ತನಕ ಸ್ಟೂಲಿನ ಮೇಲೆ ಸುಮ್ಮನೆ ಕೂತು, ಒಬ್ಬರೇ ಅಥಣಿಯ ಬಸ್ಸು ಹತ್ತಿದರು.

ಅಂಗಡಿ ಉಳಿಯಿತು. ಆದರೆ ಒಂದು ಅಡ್ಡಹೆಸರೂ ಉಳಿಯಿತು: ನಿಂತ ರೈಲಿನ ಕಾಕು. ಎರಡನೇ ದಿನ ಇಡೀ ಹಗಲು ಓಡಿದ್ದನ್ನು ನೋಡಿದವರು ಕೆಲವರು, ಮೊದಲ ದಿನ ನಿಂತದ್ದನ್ನು ಕೇಳಿದವರು ಊರಿಗೆ ಊರೇ. ಮೋಟರ್ ಇಳಿಸುತ್ತ, "ಕಾಕು, ಇದು ಅಥಣಿಗೆ ಬಂದು ನಿಂದರಬಾರದು ನೋಡ್ರಿ" ಎಂದು ಚೇಷ್ಟೆ ಮಾಡುವರು. ಪ್ರೀತಿಯಿಂದಲೇ ಹೇಳುತ್ತಿದ್ದರು. ಕಾಕು ನಗುತ್ತಿದ್ದರು. ನಾನು ಅಲ್ಲಿದ್ದರೆ, ನಗುವ ಮೊದಲು ಒಂದು ಸಲ ನನ್ನ ಕಡೆ ನೋಡುವರು. ನನಗೆ ಆಗಲೇ ಕಾಲೇಜಿನಲ್ಲಿ ಏನಾದರೊಂದು ಕೆಲಸ ನೆನಪಾಗುತ್ತಿತ್ತು.

ಹೇಳಬೇಕೆಂದು ಎಷ್ಟು ಸಲ ಹೊರಟೆ... ಮೊದಮೊದಲು ಮಾಸ್ತರರು ನೊಂದಾರು ಎಂಬ ನೆಪ. ಆಮೇಲೆ ಅಂಗಡಿ ಚೆನ್ನಾಗಿ ನಡೆದಿದೆಯಲ್ಲ, ಈಗೇಕೆ ಎಂಬ ನೆಪ. ನಿಜ ಹೇಳಬೇಕೆಂದರೆ ನನಗೆ ನಾಚಿಕೆ. ಲ್ಯಾಬಿನವನು ಹಳಿಗೆ ತೆಂಗಿನ ನೀರು ಹೊಯ್ದ ಎಂದು ಊರು ನಗುತ್ತದೆಂಬ ಹೆದರಿಕೆ. ಅವರು ಹತ್ತು ವರ್ಷ ಹೊತ್ತ ನಗೆಯನ್ನು ನಾನು ಒಂದು ದಿನವೂ ಹೊರಲು ತಯಾರಿರಲಿಲ್ಲ.

ಮಂಡಳ ಇನ್ನೆರಡು ಪ್ರದರ್ಶನ ಮಾಡಿ ಚದುರಿಹೋಯಿತು. ಕಾಕು ಮಾತ್ರ ಚದುರಲಿಲ್ಲ. ಕಣ್ಣು ಮಂಜಾದ ಮೇಲೆ ತಂತಿಯನ್ನು ಬೆರಳಿನಿಂದಲೇ ಅಳೆದು ಸುತ್ತುತ್ತಿದ್ದರು. ತೊಂಬತ್ತರ ದಶಕದ ಕೊನೆಯಲ್ಲಿ, ಕೈಯಲ್ಲಿ ಕೆಲಸವಿದ್ದಾಗಲೇ, ಎರಡು ದಿನದ ಜ್ವರಕ್ಕೆ ಹೋಗಿಬಿಟ್ಟರು.

ಸಾವಿನ ಮನೆಯವರನ್ನು ಮಾತನಾಡಿಸಲು ಹೋದಾಗ ಅಂಗಡಿಯ ಮುಂದೆ ಚಾಪೆ ಹಾಸಿ ಜನ ಕೂತಿದ್ದರು. ಯಾರೋ ಅಣ್ಣನ ಮುಂದೆ ಆ ನಿಂತ ರೈಲಿನ ಕತೆಯನ್ನು ಅಕ್ಕರೆಯಿಂದ ಹೇಳುತ್ತಿದ್ದರು. ನನಗೆ ತಡೆಯಲಾಗಲಿಲ್ಲ. ಅದು ಅವರ ತಪ್ಪಲ್ಲ, ಹಳಿಗೆ ಭಂಡಾರ ಎರಚಿ ಕಾಯಿ ಒಡೆದವನು ನಾನು ಎಂದುಬಿಟ್ಟೆ. ಮೂಲೆಯಲ್ಲಿ ಕೂತಿದ್ದ ರಾಯಬಾಗದ ಗೌಡರು ನಿಧಾನವಾಗಿ ಮಾತಾಡಿದರು.

"ನಂಗ ಗೊತ್ತೈತ್ರಿ ಸರ್ರ. ಕಾಕು ಹಳಿ ತಿಕ್ಕುಮುಂದ ಅರಿವಿ ಹಳದಿ ಆಗಿದ್ದು ನಾ ಕಂಡಿದ್ನಿ. ಇದು ಯಾರ ಕೆಲಸ ಅಂತ ನಾಕ ಮಂದಿ ಮುಂದ ಹೇಳ್ತೀನಿ ಅಂತ ನಾ ಅಂದ್ರ, ಕಾಕು ಬ್ಯಾಡ ಅಂದ್ರು."

"ಯಾಕಂತ್ರಿ?" ಎಂದೆ.

"'ಅವರು ಕಲ್ತವರು, ಶಾಣ್ಯಾ ಅದಾರ, ತಾವ ಹೇಳ್ತಾರ. ಅವಸರ ಮಾಡಬ್ಯಾಡ್ರಿ' ಅಂದ್ರು."

ನಾನು ಅಲ್ಲಿಂದ ಎದ್ದು ಬಂದೆ. ಚಪ್ಪಲಿ ಹಾಕಿಕೊಂಡೆನೋ ಇಲ್ಲವೋ ನೆನಪಿಲ್ಲ. ಆ ಹತ್ತು ವರ್ಷ ಅವರು ನನ್ನ ಕಡೆ ನೋಡಿದಾಗಲೆಲ್ಲ ದೂರುತ್ತಿದ್ದಾರೆ ಎಂದುಕೊಂಡಿದ್ದೆ. ಅವರು ದೂರುತ್ತಿರಲಿಲ್ಲ, ಕಾಯುತ್ತಿದ್ದರು.

ಈಗ ನನಗೆ ಕೆಲಸದಿಂದ ನಿವೃತ್ತಿಯಾಗಿ ವರ್ಷಗಳಾದವು. ಮಾಸ್ತರರಿಲ್ಲ, ಸಾವುಕಾರರಿಲ್ಲ, ಗೌಡರೂ ಹೋದರು. ಅಥಣಿಗೆ ಇನ್ನೂ ಬಸ್ಸಿನಲ್ಲೇ ಹೋಗುತ್ತೇನೆ. ಯಾರಾದರೂ ನಿಂತ ರೈಲಿನ ಕಾಕು ಎಂದು ಬಾಯಿ ತೆರೆದರೆ ಸಾಕು, ಅವರ ಮಾತು ಮುಗಿಯುವ ಮೊದಲೇ ರೈಲು ನಿಲ್ಲಿಸಿದವನು ನಾನು ಎಂದು ಹೇಳಬೇಕೆಂದು ಕಾದಿರುತ್ತೇನೆ. ಆ ಹೆಸರು ಹಿಡಿದು ಕರೆಯುವವರು ಈಗ ಯಾರೂ ಉಳಿದಿಲ್ಲ.